ಮೊದಲು ಗಾಜಿನ ಮೇಲೆ

ಸೋಮವಾರ ರಾತ್ರಿ ಕೊಯ್ದರು.
ಕಿರುಬೆರಳುದ್ದದ ಕರುಳಬಾಲ
ಫಾರ್ಮಲಿನ್ ಡಬ್ಬಿಯಲ್ಲಿ ತೇಲುತ್ತ
ಝುಗ್ದಿದಿ ಆಸ್ಪತ್ರೆಯ ನೆಲಮಾಳಿಗೆಗೆ, ನನ್ನ ಮೇಜಿಗೆ ಬಂತು.
ಚೀಟಿಯಲ್ಲಿ ಜ್ವಿಯಾದನ ಕಾಗೆಕಾಲು ಅಕ್ಷರ:
ಊಚಾ ಜಿಕಿಯಾ, ಆರು ವರ್ಷ, ಅಪೆಂಡಿಸೈಟಿಸ್.

ಅಜ್ಜಿ ಲಮ್ಜೀರಾ ಮೆಟ್ಟಿಲ ಬಳಿಯೇ ತೀರ್ಪು ಕೊಟ್ಟಾಗಿತ್ತು:
ಹುಳಿಪ್ಲಮ್ಮಿನ ಬೀಜ ನುಂಗಿದ್ದಾನೆ,
ಬೇಡವೆಂದಷ್ಟೂ ಕಿತ್ತು ಕಿತ್ತು ತಿಂದ.
ಸೀಳಿ ನೋಡಿದೆ. ಬೀಜವಿರಲಿಲ್ಲ.
ಕಲ್ಲಾಗಿ ಕೂತ ಮಲದ ತುಣುಕೂ ಇರಲಿಲ್ಲ.
ಊದಿತ್ತು, ಅಷ್ಟೆ,
ಯಾರ ಮೇಲೋ ಮುನಿದು ಗಂಟುಮೋರೆ ಹಾಕಿಕೊಂಡ ಹಾಗೆ.

ಮಂಗಳವಾರವೆಲ್ಲ ಅದು ಮೇಣದೊಳಗೆ ಮಲಗಿತ್ತು.
ಬುಧವಾರ ಹನ್ನೊಂದಕ್ಕೆ
ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು
ಗುಲಾಬಿ, ನೇರಳೆ ಕುಡಿಸಿ
ದೀಪದ ಮೇಲಿಟ್ಟು ಬಾಗಿದೆ.

ಮೂವತ್ತೊಂದು ವರ್ಷ ಈ ಓಣಿಯಲ್ಲಿ ಓಡಾಡಿದ್ದೇನೆ.
ಗೋಡೆಯುದ್ದಕ್ಕೂ ಕಾವಲುಕೋಶಗಳ ಠಾಣೆ,
ಸಾಸಿವೆ ಚೆಲ್ಲಿದಂತೆ.
ಆ ಸಾಸಿವೆಯ ನಡುವೆ ಇವತ್ತು
ಒಂದು ಗೊಂಚಲು.
ಒಂದೇ ಸಿಪ್ಪೆಯೊಳಗೆ ಹದಿನಾಲ್ಕು, ಅಲ್ಲ, ಹದಿನೇಳು ಕಣ್ಣು,
ಕಳಿತ ಕಪ್ಪುದ್ರಾಕ್ಷಿ ಒತ್ತೊತ್ತಿಕೊಂಡಂತೆ.
ಸ್ಲೈಡು ಸರಿಸಿದೆ. ಇನ್ನೊಂದು. ಆಚೆಗೆ ಮತ್ತೊಂದು.

ಓದುವಾಗ ಒಮ್ಮೆ ನೋಡಿದ್ದೆ,
ಬೇರೆಯವರ ಸೂಕ್ಷ್ಮದರ್ಶಕದಲ್ಲಿ, ಸರದಿ ನಿಂತು, ಅರೆ ನಿಮಿಷ.
ಪ್ರೊಫೆಸರು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ:
ಮರೆತರೂ ಅಡ್ಡಿಯಿಲ್ಲ, ಇದು ಇನ್ನು ನಿಮಗೆ ಸಿಗುವುದಿಲ್ಲ.

ಫೋನೆತ್ತಿದೆ.
"ಆ ಹುಡುಗನ ಮೈಮೇಲೆ ಏನಾದರೂ ಎದ್ದಿದೆಯಾ?"
"ಏನಿಲ್ಲ. ಸಣ್ಣ ಜ್ವರ, ಮೂಗು ಸೋರ್ತಿದೆ. ಕಣ್ಣು ಕೆಂಪು, ಅತ್ತಿದ್ದಾನಲ್ಲ."
"ಟಾರ್ಚು ಬಿಟ್ಟು ಕೆನ್ನೆಯ ಒಳಗೋಡೆ ನೋಡು."
ಕಾದೆ. ನನ್ನ ಗಿಡ್ಡ ಕಿಟಕಿಯಲ್ಲಿ
ಹೇಜಲ್ ಕಾಯಿ ಲಾರಿಯ ಚಕ್ರ ಮಾತ್ರ ಕಂಡಿತು,
ಹಿಂದಕ್ಕೆ, ಮುಂದಕ್ಕೆ.
ಆಮೇಲೆ ಅವನ ದನಿ, ತಗ್ಗಿ:
"ಉಪ್ಪಿನ ಹರಳು ಅಂಟಿದ ಹಾಗಿದೆ. ಏಳೆಂಟು."
"ದಡಾರ," ಅಂದೆ. "ನಾಳೆ ಎದ್ದೀತು, ಕಿವಿಯ ಹಿಂದಿನಿಂದ.
ಆ ವಾರ್ಡಿನಲ್ಲಿ ಹಾಸಿಗೆ ಎಷ್ಟು?"
"ಏಳು. ಒಂದರಲ್ಲಿ ಒಂಬತ್ತು ತಿಂಗಳ ಕೂಸು."

ಎರಡು ಸಲ ಸೂಜಿಯ ದಿನ ಬಂದಾಗಲೂ ತಾಯಿ
ಮಗನ ಸಮೇತ ಗಡಿಯಾಚೆ ರಿಜೆಯ ಇಳಿಜಾರಿನಲ್ಲಿದ್ದಳು,
ಚಹಾ ಕೀಳುವ ಕೂಲಿಗೆ.
ನಾನು ಬೈಯಲಿಲ್ಲ. ಜ್ವಿಯಾದ ಬೈದ.

ಸಂಜೆ ಮೇಲೆ ಹೋದೆ.
ಲಮ್ಜೀರಾ ಪ್ಲಮ್ಮಿನ ಬೀಜ ಮರೆತೇಬಿಟ್ಟಿದ್ದಳು.
ಎಲ್ಲಿಂದಲೋ ಕೆಂಪು ಶಾಲು ತಂದು ಕಿಟಕಿಗೆ ಕಟ್ಟಿ
"ದನಿ ಏರಿಸಬೇಡಿ," ಅನ್ನುತ್ತಿದ್ದಳು ದಾದಿಯರಿಗೆ.
"ಬತೋನೇಬಿ ಬಂದಿದ್ದಾರೆ, ಒಡೆಯರು.
ಮೆತ್ತಗೆ ಮಾತಾಡಿದರೆ ಮೆತ್ತಗೆ ಹೋಗುತ್ತಾರೆ."
ನನ್ನಜ್ಜಿಯೂ ಹೀಗೇ, ನನ್ನ ಮಂಚದ ಸುತ್ತ ಬರಿಗಾಲಲ್ಲಿ.

ಬಿಳಿಕೋಟು ಮರೆತು ಕೇಳಿದೆ:
"ಒಡೆಯರು ಹಿಂಬಾಗಿಲಿಂದ ಬರುವುದುಂಟಾ?"
"ಯಾವ ಬಾಗಿಲು ಅಂತ ಅವರಿಗೆ ಹೇಳೋರು ಯಾರಮ್ಮ?"

ವರದಿಗೆ ಕೂತೆ.
ವೈರಸ್ಸು ಠಾಣೆಗಳನ್ನೇ ಊದಿಸಿ ಓಣಿ ಮುಚ್ಚಿತೆ,
ಮುಚ್ಚಿದ ಕತ್ತಲಲ್ಲಿ ಹಳೆಯ ಬ್ಯಾಕ್ಟೀರಿಯ ಬೆಂಕಿಯಿಟ್ಟವೆ,
ಇಲ್ಲಾ ಇಬ್ಬರೂ ಒಂದೇ ವಾರ ಒಂದೇ ಹೊಟ್ಟೆಗೆ ಬಂದದ್ದು
ಬರಿಯ ಕಾಕತಾಳವೆ?
ನನ್ನದೊಂದು ಹಳೆ ನೋಟುಬುಕ್ಕಿದೆ:
ಫ್ಲೂ ಜೋರಿದ್ದ ಚಳಿಗಾಲ ಈ ಡಬ್ಬಿಗಳೂ ಜಾಸ್ತಿ.
ಮರುವರ್ಷ ಹಾಗಾಗಲಿಲ್ಲ.
ಪೆನ್ಸಿಲ್ಲಿನಲ್ಲೇ ಇಟ್ಟಿದ್ದೇನೆ.
"ಸಂಬಂಧ ಸಾಧ್ಯ" ಎಂದು ಬರೆದೆ,
ಅದರಾಚೆ ಗಾಜು ಏನೂ ಹೇಳಲಿಲ್ಲ.

ಗುರುವಾರ, ಬೆಳಕು ಹರಿಯುವ ಮುಂಚೆ:
"ಕಿವಿಯ ಹಿಂದೆ," ಅಂದ ಜ್ವಿಯಾದ.
"ಕೂಸು?"
"ಬೇರೆ ಕೋಣೆಗೆ ಹಾಕಿದೆ. ಕುಟೈಸಿಯಿಂದ ಚುಚ್ಚುಮದ್ದು ಹೊರಟಿದೆ."

ಸ್ಲೈಡನ್ನು ಪೆಟ್ಟಿಗೆಗೆ ಹಾಕಿಲ್ಲ.
ಹದಿನೈದು ದಿನ ಎಣಿಸಬೇಕು, ಕೂಸಿಗೆ.
ಇವತ್ತಿಗೆ ಮೂರು.